ಸೈಕಲ್ಲಿನವರ ತಕ್ಕಡಿಯಲ್ಲಿ ಕಾರಿನವರು

ಹಾಸನ: ಕಾರಿನವರು ಎಂಥವರು ಅಂತ ಕಾರಿನವರನ್ನೇ ಕೇಳಿ ಪ್ರಯೋಜನವಿಲ್ಲ. ಕೇಳಿದರೆ ಎಲ್ಲರೂ ಧರ್ಮರಾಯರೇ. ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಕಾರಿನ ನೆತ್ತಿ ಮಾತ್ರ ಕಾಣುತ್ತದೆ. ಗಲ್ಲದ ಮುಂದೆ ಕೂತ ಅಂಗಡಿ ಸಾಹುಕಾರರಿಗೆ ಅದರ ಒಂದು ಮಗ್ಗುಲು ಕಾಣುತ್ತದೆ, ಅದೂ ತಮ್ಮ ಬಾಗಿಲಿಗೆ ಅಡ್ಡ ನಿಂತಾಗ. ಕಾರಿನ ಪೂರ್ತಿ ಜಾತಕ ಗೊತ್ತಿರುವುದು ಸೈಕಲ್ಲಿನವರಿಗೆ. ಬೆನ್ನಿಗೆ ಬಡಿಯುವ ಹಾರನ್ನು, ಮೊಣಕೈ ಸವರುವ ಕನ್ನಡಿ, ಕಣ್ಣಿಗೆ ಹೊಡೆಯುವ ಲೈಟು, ಪಂಚೆಗೆ ಎರಚುವ ಕೆಸರು - ಎಲ್ಲವೂ ಮೊದಲು ತಲುಪುವುದು ಅವರಿಗೇ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ಈ ನಾಲ್ಕು ಊರುಗಳ ಸೈಕಲ್ ಶಾಪುಗಳ ಮುಂದೆ, ಪಂಕ್ಚರ್ ನೋಡುವ ನೀರಿನ ಬಾಂಡ್ಲಿಯ ಸುತ್ತ, ಹಾಲಿನ ಡೈರಿ ಜಗುಲಿಗಳ ಮೇಲೆ ಕಾರುಗಳ ಬಗ್ಗೆ ಒಂದು ವಿಮರ್ಶೆ ನಡೆದೇ ಇರುತ್ತದೆ. ಕಾರು ಮಾರುವವರು ಹೇಳುವ ಮೈಲೇಜು, ಏ.ಸಿ., ಸೀಟು ಇವಕ್ಕೆ ಅಲ್ಲಿ ಕಿಮ್ಮತ್ತಿಲ್ಲ. ಅಲ್ಲಿ ಕೇಳುವುದು ಒಂದೇ ಪ್ರಶ್ನೆ: "ಪಕ್ಕದಲ್ಲಿ ಹೋಗುವಾಗ ಎಷ್ಟು ಜಾಗ ಬುಟ್ಟ?"

ಅಂಬಾಸಿಡರ್ ಎಂಬ ಆನೆ

ಹಳಬರ ಲೆಕ್ಕದಲ್ಲಿ ಮೊದಲ ಸ್ಥಾನ ಇವತ್ತಿಗೂ ಅಂಬಾಸಿಡರಿಗೇ. ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಐವತ್ತರ ದಶಕದ ಕೊನೆಯಲ್ಲಿ ಶುರುವಾಗಿ 2014ರಲ್ಲಿ ನಿಂತುಹೋದ ಗಾಡಿ ಅದು. ಮೈ ದೊಡ್ಡದು, ಸದ್ದು ಇನ್ನೂ ದೊಡ್ಡದು. ಆ ಸದ್ದೇ ಸೈಕಲ್ಲಿನವರಿಗೆ ಉಪಕಾರ. ಗಾಡಿ ಇನ್ನೂ ತಿರುವಿನಾಚೆ ಇರುವಾಗಲೇ ಬರ್ತಿದೆ ಅಂತ ಕಿವಿಗೆ ಗೊತ್ತಾಗುತ್ತಿತ್ತು. ಹಿಂತಿರುಗಿ ನೋಡುವ ಕೆಲಸವೇ ಇರಲಿಲ್ಲ, ಹ್ಯಾಂಡಲ್ಲನ್ನು ಎಡಕ್ಕೆ ಒಂದಿಷ್ಟು ಒಲಿಸಿಕೊಂಡರೆ ಆಯಿತು.

ಅದರಲ್ಲೂ ಎರಡು ಜಾತಿ. ಟ್ಯಾಕ್ಸಿ ಅಂಬಾಸಿಡರ್ ಒಂದು, ಸರ್ಕಾರಿ ಅಂಬಾಸಿಡರ್ ಒಂದು. ಟ್ಯಾಕ್ಸಿಯವನು ಬಹುಮಟ್ಟಿಗೆ ನಮ್ಮವನೇ. ಕ್ಲೀನರ್ ಆಗಿ ಸೇರಿ, ಗಾಡಿ ಒರೆಸಿ, ರಾತ್ರಿ ಸೈಕಲ್ ತುಳಿದು ಮನೆಗೆ ಹೋದವನು. ಡ್ರೈವರ್ ಆದ ಮೇಲೂ ಕಾಲಿಗೆ ಪೆಡಲ್ಲಿನ ನೆನಪು ಇರುತ್ತಿತ್ತು. ಸರ್ಕಾರಿ ಗಾಡಿಯವನ ವಿಚಾರ ಬೇರೆ. "ಅವನು ತಾನು ಹೋಗ್ತಿರಲಿಲ್ಲ, ಸಾಹೇಬರು ಹೋಗೋರು. ಹಿಂದೆ ಕೂತೋರಿಗೆ ಅರ್ಜೆಂಟು, ಮುಂದೆ ಕೂತೋನಿಗೆ ಭಯ" ಎಂಬುದು ಹಳಬರ ತೀರ್ಪು.

ಫಿಯಟ್, ಅಂದರೆ ಆಮೇಲೆ ಪ್ರೀಮಿಯರ್ ಪದ್ಮಿನಿ ಅನ್ನಿಸಿಕೊಂಡ ಗಾಡಿಯ ಬಗ್ಗೆ ದೂರು ಕಡಿಮೆ. ವಕೀಲರು, ಡಾಕ್ಟರು, ಸಕಲೇಶಪುರದ ಕಡೆ ತೋಟದವರು ಸ್ವಂತ ಕೈಯಲ್ಲಿ ಬಿಡುತ್ತಿದ್ದ ಕಾರು. ಸ್ವಂತ ಗಾಡಿ, ಸ್ವಂತ ದುಡ್ಡು, ಗೀರು ಬಿದ್ದರೆ ಸ್ವಂತ ನಷ್ಟ. ಆದ್ದರಿಂದ ಸೈಕಲ್ಲಿಗೆ ತಾಗಬಾರದು ಅಂತ ದೂರದಿಂದಲೇ ಬಳಸಿಕೊಂಡು ಹೋಗುತ್ತಿದ್ದರು. ಕಾರಿನ ಮೇಲಿನ ಪ್ರೀತಿಯೋ ಮನುಷ್ಯನ ಮೇಲಿನ ಪ್ರೀತಿಯೋ, ಜಾಗ ಸಿಕ್ಕಿದ್ದು ನಿಜ.

ಮಾರುತಿ ಬಂತು, ಮನೆಯವರೂ ಕಲಿತರು

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ರಸ್ತೆಯ ಲೆಕ್ಕವೇ ತಿರುವಿಹಾಕಿತು. ಅಲ್ಲಿಯವರೆಗೆ ಕಾರು ಓಡಿಸುವುದು ಒಂದು ಕಸುಬು. ಆಮೇಲೆ ಮೇಷ್ಟ್ರು, ಬ್ಯಾಂಕಿನವರು, ಅಂಗಡಿಯವರು, ಮನೆಯ ಹೆಂಗಸರು, ಕಾಲೇಜು ಹುಡುಗರು ಎಲ್ಲ ಕಲಿತರು. ಸಂತೋಷವೇ. ಆದರೆ ಸೈಕಲ್ಲಿನವರಿಗೆ ಅದು ಹೊಸಬರ ಕಾಲ. ಎಲ್ ಬೋರ್ಡು ಕಂಡರೆ ಸೈಕಲ್ ಇಳಿದು ಮೋರಿ ಪಕ್ಕ ನಿಲ್ಲುವುದೇ ವಾಸಿ ಅಂತ ಆಗ ಹುಟ್ಟಿದ ಮಾತು ಇವತ್ತಿಗೂ ಉಂಟು.

ಆದರೂ ಮಾರುತಿ ಮೇಲೆ ಅಂಥ ಸಿಟ್ಟಿಲ್ಲ. ಕಾರಣ, ಅದು ಚಿಕ್ಕದು. ತೂರಿಕೊಂಡು ಹೋದರೂ ಪಕ್ಕದಲ್ಲಿ ಇಷ್ಟು ಜಾಗ ಉಳಿಯುತ್ತಿತ್ತು. ಸೈಕಲ್ಲಿನವರ ನಿಜವಾದ ದೂರು ಶುರುವಾದದ್ದು ತೊಂಬತ್ತರ ದಶಕದಲ್ಲಿ ಸುಮೋ ಬಂದ ಮೇಲೆ, 2000ದ ನಂತರ ಕ್ವಾಲಿಸ್, 2005ರ ನಂತರ ಇನ್ನೋವಾ, ಈಚೆಗೆ ಎತ್ತರದ ಎಸ್.ಯು.ವಿ.ಗಳು ಬಂದ ಮೇಲೆ.

ಇದು ಹೊಟ್ಟೆಕಿಚ್ಚಿನ ಮಾತಲ್ಲ, ಅಳತೆಯ ಮಾತು. ಮಾರುತಿ 800ರ ಅಗಲ 1.44 ಮೀಟರ್. ಇನ್ನೋವಾ ಕ್ರಿಸ್ಟಾದ ಅಗಲ 1.83 ಮೀಟರ್. ಒಂದು ಗಾಡಿಗೆ ಹೆಚ್ಚಿದ್ದು 39 ಸೆಂಟಿಮೀಟರ್, ಅಂದರೆ ಒಂದೂವರೆ ಗೇಣಿಗಿಂತ ಹೆಚ್ಚು. ಐದೂವರೆ ಮೀಟರಿನ ಹಳ್ಳಿ ರಸ್ತೆಯೊಂದನ್ನು ತೆಗೆದುಕೊಳ್ಳಿ. ಎದುರುಬದುರು ಎರಡು ಮಾರುತಿ ಬಂದು, ನಡುವೆ ಅರ್ಧ ಮೀಟರ್ ಬಿಟ್ಟುಕೊಂಡು ಹೋದರೆ ಆಚೆ ಈಚೆ ಅಂಚಿನಲ್ಲಿ 106 ಸೆಂಟಿಮೀಟರ್ ಉಳಿಯುತ್ತದೆ. ಅದೇ ಜಾಗದಲ್ಲಿ ಎರಡು ಕ್ರಿಸ್ಟಾ ಬಂದರೆ ಉಳಿಯುವುದು 67. ಸೈಕಲ್ ಹ್ಯಾಂಡಲ್ಲೇ ಸುಮಾರು 60 ಸೆಂಟಿಮೀಟರ್. ಕಾರಿನ ಕನ್ನಡಿಗಳ ಲೆಕ್ಕ ಇದರಲ್ಲಿ ಸೇರಿಲ್ಲ! ರಸ್ತೆ ಬೆಳೆಯಲಿಲ್ಲ, ಕಾರು ಬೆಳೆಯಿತು. ಕಳೆದದ್ದು ಯಾರ ಜಾಗ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಲಿನ ಕ್ಯಾನು ಕಟ್ಟಿಕೊಂಡವರಿಗೆ ಈ ಏಳು ಸೆಂಟಿಮೀಟರ್ ಏನೇನೂ ಸಾಲದು. ಸೈಕಲ್ ನಿಧಾನವಾದಷ್ಟೂ ತೂಗಾಡುತ್ತದೆ. ಏರು ಬಂದರೆ, ಒಂದೇ ಮಗ್ಗುಲಿಗೆ ಭಾರ ಇದ್ದರೆ ಇನ್ನೂ ಹೆಚ್ಚು. ದೊಡ್ಡ ಗಾಡಿ ಜೋರಾಗಿ ಪಕ್ಕದಲ್ಲಿ ಹೋದಾಗ ಮೊದಲು ಗಾಳಿ ಆಚೆ ನೂಕುತ್ತದೆ, ಗಾಡಿ ದಾಟುತ್ತಿದ್ದ ಹಾಗೇ ಒಳಕ್ಕೆ ಸೆಳೆಯುತ್ತದೆ. "ತಾಗಲಿಲ್ವಲ್ಲ!" ಅಂತ ಕಾರಿನವರು ಹೇಳುತ್ತಾರೆ. ತಾಗಲೇಬೇಕು ಅಂತ ಏನಿಲ್ಲ, ಬೀಳಿಸುವುದಕ್ಕೆ ಗಾಳಿಯೇ ಸಾಕು.

ಜರ್ಮನಿಯಲ್ಲಿ 2020ರಿಂದ ಸೈಕಲ್ಲನ್ನು ಹಿಂದೆ ಹಾಕುವ ಕಾರು ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಬಿಡಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಸ್ಪೇನಿನಲ್ಲೂ ಒಂದೂವರೆ ಮೀಟರ್. ನಮ್ಮ ಕಡೆ ಅದು ಡ್ರೈವರ ಪುಣ್ಯ, ಸೈಕಲ್ಲಿನವನ ಅದೃಷ್ಟ.

ಹೊಳೆನರಸೀಪುರ: ಹಿಂದಿನ ಕಾರಿನ ಕಾಟ

ಒಬ್ಬ ಪ್ರಧಾನಮಂತ್ರಿಯನ್ನು ಕೊಟ್ಟ ತಾಲ್ಲೂಕು ಇದು. ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರ ಜೂನ್‌ನಲ್ಲಿ ದೆಹಲಿ ಗದ್ದುಗೆ ಏರಿದವರು. ಹಾಗಾಗಿ ಕೆಂಪು ದೀಪದ ಕಾರು, ಬೆಂಗಾವಲು, ಸಾಲು ಗಾಡಿ ಇವೆಲ್ಲ ಇಲ್ಲಿನ ಸೈಕಲ್ಲಿನವರಿಗೆ ಹೊಸದಲ್ಲ. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಹೋಯಿತು, ಸಾಲು ಗಾಡಿ ಉಳಿಯಿತು.

ಸಾಲು ಗಾಡಿಯ ಬಗ್ಗೆ ಹೊಳೆನರಸೀಪುರದ ಸೈಕಲ್ ಶಾಪಿನ ಶಾಸ್ತ್ರ ಹೀಗಿದೆ: ದೊಡ್ಡವರ ಕಾರಿಗೆ ಹೆದರಬೇಕಾಗಿಲ್ಲ. ಅದು ನೇರ ಹೋಗುತ್ತದೆ, ಅದರ ಡ್ರೈವರ್ ಪಳಗಿದವನು. ಹೆದರಬೇಕಾದ್ದು ಅದರ ಹಿಂದೆ ಬೀಳುವ ಕೊನೆಯ ಕಾರುಗಳಿಗೆ. "ಮುಂದಿನ್ ಕಾರು ತಪ್ಪೋಗ್ಬುಟ್ಟದು ಅಂತ ಬತ್ತಾರಲ್ಲ, ಅವರು ರಸ್ತೆನೇ ನೋಡಾಕಿಲ್ಲ ಕಣಣ್ಣ, ಮುಂದಿನ್ ಕಾರಿನ್ ಬೆನ್ನು ನೋಡ್ತಾರೆ." ಪಕ್ಷ ಯಾವುದಾದರೂ ಕೊನೆಯ ಕಾರು ಒಂದೇ ಥರ. ಮದುವೆ ದಿಬ್ಬಣದ ಗಾಡಿಗಳದೂ ಇದೇ ಕತೆ, ಮುಹೂರ್ತದ ಅವಸರ ಬೇರೆ.

ಹಾಸನ-ಹೊಳೆನರಸೀಪುರ-ಮೈಸೂರು ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 373. ಹೆಸರು ಹೆದ್ದಾರಿಯಾದರೂ ಊರುಗಳ ನಡುವೆಯೇ ಹಾದುಹೋಗುವ ದಾರಿ. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಗೆ ಲಾರಿ ನುಗ್ಗಿ ಹುಡುಗರು ಸತ್ತದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಅಲ್ಲಿದ್ದವರು ಸೈಕಲ್ಲಿನವರಲ್ಲ, ನಿಜ. ಆದರೆ ಕಬ್ಬಿಣದ ಪೆಟ್ಟಿಗೆಯೊಳಗೆ ಇಲ್ಲದೆ, ಬರೀ ಮೈಯಲ್ಲಿ ರಸ್ತೆ ಮೇಲಿರುವವರ ಗತಿ ಎಷ್ಟು ತೆಳುವಾದ್ದು ಅಂತ ಆ ರಾತ್ರಿ ಎಲ್ಲರಿಗೂ ಗೊತ್ತಾಯಿತು.

ಅರಕಲಗೂಡು: ಕೆಸರು ಮತ್ತು ಪಿಕಪ್ಪು

ಅರಕಲಗೂಡಿಗೆ ರೈಲಿಲ್ಲ. ಏನಿದ್ದರೂ ರಸ್ತೆಯ ಮೇಲೇ ಆಗಬೇಕು. ಆಲೂಗಡ್ಡೆ, ಶುಂಠಿ, ರಾಮನಾಥಪುರದ ಹರಾಜುಕಟ್ಟೆಗೆ ಹೋಗುವ ಹೊಗೆಸೊಪ್ಪು ಎಲ್ಲ ಹೊರುವುದು ಪಿಕಪ್ ಗಾಡಿಗಳು. ಇಲ್ಲಿನ ಸೈಕಲ್ಲಿನವರ ಲೆಕ್ಕದಲ್ಲಿ ಪಿಕಪ್ಪಿಗೆ ಎರಡು ಗುಣ. ಲೋಡು ತುಂಬಿದಾಗ ಸಾಧು, ಖಾಲಿಯಾದಾಗ ಪುಂಡ. ಹರಾಜು ಮುಗಿಸಿ ಬರಿಗಾಡಿಯಲ್ಲಿ ವಾಪಸ್ ಬರುವ ಹೊತ್ತು ನೋಡಿಕೊಂಡು ಮನೆ ಬಿಡುವವರೂ ಇದ್ದಾರೆ.

ಮಳೆಗಾಲದಲ್ಲಿ ಪರೀಕ್ಷೆ ಇನ್ನೂ ಸುಲಭ. ಗುಂಡಿಯಲ್ಲಿ ನೀರು ನಿಂತಿರುತ್ತದೆ, ಪಕ್ಕದಲ್ಲಿ ಸೈಕಲ್ ಇರುತ್ತದೆ. ಕಾರಿನವನು ಬ್ರೇಕಿನ ಮೇಲೆ ಕಾಲಿಟ್ಟನೋ ಇಲ್ಲವೋ? ಅಷ್ಟೇ. ಅವನ ವಿದ್ಯೆ, ಮನೆತನ, ಕಾರಿನ ರೇಟು ಎಲ್ಲವೂ ಆ ಒಂದು ಗಳಿಗೆಯಲ್ಲಿ ಗೊತ್ತಾಗಿಬಿಡುತ್ತದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಕೂಲಿಗೆ ಹೊರಟ ಹುಡುಗಿಯ ಮೇಲೆ ಕೆಂಪುನೀರು ಹಾರಿದರೆ ಅವಳ ಆ ದಿನ ಮುಗಿದ ಹಾಗೆ. ಎರಚಿದವನಿಗೆ ಅದು ಗೊತ್ತೇ ಆಗಿರುವುದಿಲ್ಲ, ಗಾಜು ಏರಿಸಿ ಹಾಡು ಕೇಳುತ್ತಿರುತ್ತಾನೆ.

ಸದ್ದಿನ ಸಮಸ್ಯೆಯೂ ಈಗ ತಲೆಕೆಳಗಾಗಿದೆ. ಕರೆಂಟಿನ ಕಾರು ಬಂದಿದೆ. ಹೊಗೆಯಿಲ್ಲ, ಒಳ್ಳೆಯದೇ. ಸದ್ದೂ ಇಲ್ಲ, ಅದೇ ತೊಂದರೆ. ಬೆನ್ನ ಹಿಂದೆ ಬೆಕ್ಕಿನ ಹಾಗೆ ಬಂದು ಒಮ್ಮೆಗೇ ಹಾರನ್ ಬಾರಿಸಿದರೆ ಎದೆ ಧಸಕ್ಕೆನ್ನುತ್ತದೆ. ಯೂರೋಪಿನಲ್ಲಿ ಹೊಸ ಮಾದರಿಯ ಕರೆಂಟು ಕಾರು ನಿಧಾನವಾಗಿ ಹೋಗುವಾಗ ಸದ್ದು ಮಾಡಲೇಬೇಕು ಅಂತ 2019ರಲ್ಲೇ ನಿಯಮ ತಂದಿದ್ದಾರೆ.

ಚನ್ನರಾಯಪಟ್ಟಣ: ನಾಲ್ಕು ಪಥ, ಸೈಕಲ್ಲಿಗೆ ಯಾವ ಪಥ?

ಬೆಂಗಳೂರು-ಮಂಗಳೂರು ಹೆದ್ದಾರಿಗೆ ಹಿಂದೆ 48 ಅಂತ ನಂಬರಿತ್ತು, ಈಗ 75. ನಾಲ್ಕು ಪಥವಾದ ಮೇಲೆ ಬೆಂಗಳೂರು ಹತ್ತಿರವಾಯಿತು, ಎದುರುಗಡೆಯ ತೋಟ ದೂರವಾಯಿತು. ತೆಂಗಿನಕಾಯಿ ಗೋಣಿ ಹೇರಿಕೊಂಡವರು ಆಚೆ ಬದಿಗೆ ಹೋಗಬೇಕಾದರೆ ನಡುವಿನ ಕಟ್ಟೆಯಲ್ಲಿ ಕಂಡಿ ಸಿಗುವವರೆಗೆ ತುಳಿಯಬೇಕು, ಮತ್ತೆ ಅಷ್ಟೇ ದೂರ ವಾಪಸ್ ಬರಬೇಕು. ಆ ಸುತ್ತು ಯಾರಿಗೆ ಬೇಕು ಅಂತ ಕೆಲವರು ಎದುರು ದಿಕ್ಕಿನಲ್ಲೇ ಅಂಚು ಹಿಡಿದು ಬರುತ್ತಾರೆ. ತಪ್ಪು. ಪ್ರಾಣಕ್ಕೇ ಬರುವ ತಪ್ಪು. ಆದರೆ ರಸ್ತೆ ಮಾಡಿದವರ ಲೆಕ್ಕದಲ್ಲಿ ಸೈಕಲ್ ಇದ್ದ ಹಾಗೆ ಕಾಣುವುದಿಲ್ಲ.

ಇಲ್ಲಿನವರು ಕಾರನ್ನು ಕಂಪನಿಯಿಂದ ಗುರುತಿಸುವುದಿಲ್ಲ, ವಾರದಿಂದ ಗುರುತಿಸುತ್ತಾರೆ. ಸೋಮವಾರದಿಂದ ಗುರುವಾರದವರೆಗೆ ಓಡಾಡುವ ಕಾರು ಒಂದು ಥರ. ಶುಕ್ರವಾರ ರಾತ್ರಿ ಸಕಲೇಶಪುರದ ಕಡೆಗೆ ಹೊರಟ, ಭಾನುವಾರ ಸಂಜೆ ವಾಪಸ್ ಹೋಗುವ ಕಾರು ಇನ್ನೊಂದು ಥರ. ಆ ಕಾರಿನೊಳಗಿನವರಿಗೆ ಚನ್ನರಾಯಪಟ್ಟಣ ಊರಲ್ಲ, ಕಾಫಿಗೆ ನಿಲ್ಲುವ ಜಾಗ. ಶ್ರವಣಬೆಳಗೊಳದ ಯಾತ್ರಿಕರ ಕಾರಿಗೆ ಮಾತ್ರ ಒಳ್ಳೆಯ ಹೆಸರಿದೆ. ದಾರಿ ಕೇಳುವುದಕ್ಕೆ ನಿಲ್ಲಿಸುತ್ತಾರಲ್ಲ, ಹಾಗಾಗಿ ನಿಧಾನ!

ಲೈಟಿನ ದೂರು ಇಲ್ಲಿ ಜೋರು. ಎದುರಿಗೆ ಬರುವವರ ಕಣ್ಣು ಕುಕ್ಕದಂತೆ ದೀಪ ತಗ್ಗಿಸಬೇಕು, ಇದು ನಿಯಮ. ಎದುರಿಗೆ ಲಾರಿ ಬಂದರೆ ಎಲ್ಲರೂ ತಗ್ಗಿಸುತ್ತಾರೆ. ತಗ್ಗಿಸದಿದ್ದರೆ ಲಾರಿಯವನೂ ಏರಿಸುತ್ತಾನೆ ಅಂತ ಗೊತ್ತು. ಸೈಕಲ್ ಬಂದರೆ ಯಾರು ತಗ್ಗಿಸುತ್ತಾರೆ? ತಿರುಗಿಸಿ ಹೊಡೆಯಲು ಅದರಲ್ಲಿ ಲೈಟೇ ಇಲ್ಲ. ಹಾಲು ಹಾಕುವವರು ರಸ್ತೆಗೆ ಬರುವುದೇ ಬೆಳಕು ಹರಿಯುವ ಮುಂಚೆ, ಇಲ್ಲವೇ ಕತ್ತಲಾಗುವ ಹೊತ್ತಿಗೆ. ಈಗಿನ ಬಿಳಿ ಎಲ್.ಇ.ಡಿ. ದೀಪ ಕಣ್ಣಿಗೆ ಬಿದ್ದ ಮೇಲೆ ಒಂದೆರಡು ನಿಮಿಷ ರಸ್ತೆಯೂ ಒಂದೇ, ಚರಂಡಿಯೂ ಒಂದೇ.

ಹಾಸನ: ನಿಂತ ಕಾರಿನ ಬಾಗಿಲು

ಹಾಸನದ ಬಿ.ಎಂ. ರಸ್ತೆಯಲ್ಲಿ, ಕಟ್ಟಿನಕೆರೆ ಮಾರುಕಟ್ಟೆ ಸುತ್ತ ಓಡುವ ಕಾರಿಗಿಂತ ನಿಂತ ಕಾರಿನ ಭಯ ಹೆಚ್ಚು. ಅಂಗಡಿ ಮುಂದೆ ನಿಲ್ಲಿಸಿದ ಕಾರಿನ ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಫೋನಿನಲ್ಲಿ ಮಾತಾಡುತ್ತಲೇ ಧಡ್ಡನೆ ಡೋರ್ ತಳ್ಳಿದರೆ ಸೈಕಲ್ಲಿನವನು ಬಾಗಿಲಿಗೆ ಗುದ್ದಬೇಕು, ಇಲ್ಲ ಬಲಕ್ಕೆ ಹಾರಿ ಹಿಂದಿನಿಂದ ಬರುವ ಬಸ್ಸಿನ ಕೆಳಗೆ ಹೋಗಬೇಕು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ, ಆ ದಿನಗಳಲ್ಲಿ ಊರ ತುಂಬ ಕಾರಿನ ಬಾಗಿಲುಗಳು ಗಳಿಗೆಗೊಮ್ಮೆ ತೆರೆಯುತ್ತವೆ!

ಇದಕ್ಕೆ ಕಾಸು ಖರ್ಚಿಲ್ಲದ ಉಪಾಯ ಒಂದಿದೆ. ಬಾಗಿಲಿಗೆ ದೂರದ ಕೈಯಿಂದ ಡೋರ್ ತೆರೆಯುವುದು. ಡ್ರೈವರ್ ಬಲಗಡೆ ಕೂತಿರುತ್ತಾನೆ, ಅವನು ಎಡಗೈ ಚಾಚಿ ಬಾಗಿಲು ತೆಗೆದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ. ಎಡಗಡೆ ಕೂತವರು ಬಲಗೈ ಬಳಸಬೇಕು. ಹಾಲೆಂಡಿನವರ ಅಭ್ಯಾಸ ಅಂತ ಹೆಸರಾದ ಇದನ್ನು ಇಂಗ್ಲೆಂಡಿನವರು 2022ರಲ್ಲಿ ತಮ್ಮ ರಸ್ತೆ ನಿಯಮದ ಪುಸ್ತಕಕ್ಕೇ ಸೇರಿಸಿಕೊಂಡರು. ಅಂಗಡಿಯವರು ಗಿರಾಕಿಗೆ ಚಿಲ್ಲರೆ ಕೊಡುವಾಗ "ಹಿಂದೆ ನೋಡ್ಕಂಡು ಡೋರ್ ತೆಗೀರಿ ಸಾರ್" ಎಂದು ಒಂದು ಮಾತು ಸೇರಿಸಿದರೂ ಪುಣ್ಯವೇ.

ಸೈಕಲ್ಲಿನವರೇನು ಸಾಚಾಗಳೇ?

ಕಾರಿನವರೂ ಒಂದಿಷ್ಟು ಹೇಳುವುದಿದೆ, ಕೇಳಬೇಕು. ಹಿಂದೆ ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಇತ್ತು, ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ಸ್ ಹೊಡೆದರೆ ಪೊಲೀಸರು ಗಾಳಿ ಬಿಡುತ್ತಿದ್ದರು. ಡೈನಮೋ ಇಲ್ಲದವರು ಬ್ಯಾಟರಿಯನ್ನಾದರೂ ಕೈಲಿ ಹಿಡಿಯುತ್ತಿದ್ದರು. ಈಗ ಬಿಲ್ಲೆಯೂ ಇಲ್ಲ, ದೀಪವೂ ಇಲ್ಲ. ಹಿಂದಿನ ಮಡ್‌ಗಾರ್ಡಿನ ಕೆಂಪು ಗಾಜು ಒಡೆದುಹೋದರೆ ಹೊಸದು ಹಾಕಿಸುವವರಿಲ್ಲ. ಕಪ್ಪು ಕಂಬಳಿ ಹೊದ್ದು ಕತ್ತಲಲ್ಲಿ ಹೊರಟರೆ ಡ್ರೈವರ್ ದೇವರಾದರೂ ಕಾಣುವುದು ಕಷ್ಟ. ಹಾಲಿನ ಕ್ಯಾನಿಗೆ ಎರಡು ಬೆರಳಗಲ ಹೊಳೆಯುವ ಪಟ್ಟಿ ಅಂಟಿಸುವುದು ದೊಡ್ಡ ಖರ್ಚಲ್ಲ.

ಅಂಕಿ ಅಂಶ ನೋಡಿದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಸೈಕಲ್ ಸವಾರರು ನೂರಕ್ಕೆ ಸುಮಾರು ಮೂವರು. ಕಡಿಮೆ ಅನ್ನಿಸಬಹುದು. ಲೆಕ್ಕ ಹಾಕಿದರೆ ಸಾವಿರಗಟ್ಟಲೆ ಮನೆ.

ಸೈಕಲ್ಲಿಗೆ ಲೈಸೆನ್ಸಿಲ್ಲ, ಇನ್ಶೂರೆನ್ಸಿಲ್ಲ, ಆದ್ದರಿಂದ ಪರಿಹಾರವೂ ಇಲ್ಲ ಅಂತ ಹಳ್ಳಿಗಳಲ್ಲಿ ನಂಬಿಕೆಯಿದೆ. ಅದು ಸುಳ್ಳು. ಗುದ್ದಿದ ಗಾಡಿಗೆ ಮೂರನೆಯವರ ವಿಮೆ ಕಡ್ಡಾಯ, ಪೆಟ್ಟು ತಿಂದವರು ಅದರ ಮೇಲೆ ಅರ್ಜಿ ಹಾಕಬಹುದು. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೂ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸರ್ಕಾರದ ಯೋಜನೆಯಲ್ಲಿದೆ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಸ್ಟೇಷನ್ನು ಸುತ್ತಬೇಕಾದೀತು ಅಂತ ಬಸ್ಸಿನವರೂ ಅಂಗಡಿಯವರೂ ಹಿಂಜರಿಯುತ್ತಾರೆ. 2019ರ ತಿದ್ದುಪಡಿಯಾದ ಮೇಲೆ ನೆರವಿಗೆ ಬಂದವರಿಗೆ ಕಾನೂನಿನ ರಕ್ಷಣೆಯಿದೆ, ಹೆಸರು ಹೇಳು ಅಂತ ಬಲವಂತ ಮಾಡುವ ಹಾಗಿಲ್ಲ. ಹೆದರದೆ ಎತ್ತಿ.

ತುಳಿದು ಬಂದವರು, ತುಳಿಯದೆ ಬಂದವರು

ನಾಲ್ಕೂ ಊರಿನ ಮಾತು ಕೂಡಿಸಿ ಕಳೆದರೆ ಉಳಿಯುವುದು ಒಂದೇ. ಕಾರಿನಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಇಲ್ಲ. ಒಂದು ಕಾಲದಲ್ಲಿ ಸೈಕಲ್ ತುಳಿದ ಡ್ರೈವರ್, ತುಳಿಯದ ಡ್ರೈವರ್ - ಇರುವುದು ಈ ಎರಡೇ ಜಾತಿ. ಇನ್ನೋವಾದಲ್ಲಿ ಕೂತಿದ್ದರೂ ಹುಡುಗನಾಗಿದ್ದಾಗ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಮಂಡಿ ತರಚಿಕೊಂಡವನಿಗೆ ಗೊತ್ತು, ಏರಿನಲ್ಲಿ ಸೈಕಲ್ ಬಲಕ್ಕೆ ವಾಲುತ್ತದೆ ಅಂತ. ಅವನು ಹಾರನ್ ಒತ್ತುವುದಿಲ್ಲ. ಗೇರ್ ಇಳಿಸಿ, ಎದುರು ರಸ್ತೆ ಖಾಲಿಯಾಗುವ ತನಕ ಕಾಯುತ್ತಾನೆ. "ಅವ್ನು ತುಳ್ದವ್ನು ಕಣ್ರೀ" - ಸೈಕಲ್ ಶಾಪುಗಳಲ್ಲಿ ಕಾರಿನವನಿಗೆ ಸಿಗುವ ಅತಿ ದೊಡ್ಡ ಸರ್ಟಿಫಿಕೇಟು ಇದು.

ಆತಂಕ ಇರುವುದು ಇಲ್ಲೇ. ತುಳಿದು ಬಂದವರಿಗೆ ವಯಸ್ಸಾಗುತ್ತಿದೆ. ಈಗ ಹುಡುಗ ಸ್ಕೂಟರಿನ ಮುಂದೆ ನಿಂತು ಬೆಳೆದು, ಬೈಕಿಗೆ ಹತ್ತಿ, ಅಲ್ಲಿಂದ ಕಾರಿಗೆ ಇಳಿಯುತ್ತಾನೆ. ನಡುವೆ ಸೈಕಲ್ಲೇ ಇಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಆಗ ಮುಖ್ಯಮಂತ್ರಿ ಇದೇ ಜಿಲ್ಲೆಯ ಎಚ್.ಡಿ. ಕುಮಾರಸ್ವಾಮಿ. ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಹೈಸ್ಕೂಲಿಗೆ ಹೋಗುವುದು ಊರೂರಿಗೂ ಒಂದು ಹೊಸ ನೋಟವಾಗಿತ್ತು. ಸಾಲು ಕಂಡರೆ ಕಾರುಗಳೂ ನಿಧಾನಿಸುತ್ತಿದ್ದವು, ಒಂದು ಸೈಕಲ್ಲಿಗೆ ಹೆದರದವನು ಹತ್ತು ಸೈಕಲ್ಲಿಗೆ ಹೆದರಲೇಬೇಕು. ಕೋವಿಡ್ ಬಂದಾಗ ಆ ವಿತರಣೆ ನಿಂತಿತು. ಸಾಲು ಕರಗಿತು. ಈಗ ರಸ್ತೆಯಲ್ಲಿ ಉಳಿದಿರುವುದು ಒಂಟಿ ಸೈಕಲ್ಲು, ಅದರ ಮೇಲೆ ಹಾಲು ಹಾಕುವ ಮುದುಕರೋ ಟ್ಯೂಷನ್ನಿಗೆ ಹೊರಟ ಮಗುವೋ.

ಕಾರು ಕಲಿಸುವ ಶಾಲೆಗಳು ನಾಲ್ಕೂ ಊರಲ್ಲಿವೆ. ಕ್ಲಚ್ಚು, ಗೇರು, ರಿವರ್ಸು, ಎಂಟಿನಾಕಾರ ಎಲ್ಲ ಹೇಳಿಕೊಡುತ್ತಾರೆ. ಲೈಸೆನ್ಸ್ ಕೈಗೆ ಬರುವ ಮುಂಚೆ ಒಂದು ಸಂಜೆ, ಒಂದೇ ಒಂದು ಸಂಜೆ, ದೀಪ ಹತ್ತುವ ಹೊತ್ತಿಗೆ ಎನ್.ಆರ್. ವೃತ್ತದಿಂದ ಬಿ.ಎಂ. ರಸ್ತೆ ಉದ್ದಕ್ಕೂ ಸೈಕಲ್ ತುಳಿಸಿ ಕಳುಹಿಸಿದರೆ ಹೇಗೆ? ಬೆನ್ನ ಹಿಂದೆ ಹಾರನ್ನು ಬಿದ್ದಾಗ ಕೈ ಹೇಗೆ ನಡುಗುತ್ತದೆ ಎಂಬುದು ಪುಸ್ತಕದಲ್ಲಿ ಬರೆದಿಲ್ಲ.

ಸಂಬಂಧಪಟ್ಟವರು ಗಮನಿಸುವರೇ? ಸಂಬಂಧಪಟ್ಟವರು ಅಂದರೆ ಆಫೀಸಿನವರು ಮಾತ್ರ ಅಲ್ಲ. ನಾಳೆ ಬೆಳಿಗ್ಗೆ ಕಾರಿನ ಕೀ ತಿರುಗಿಸುವ ಪ್ರತಿಯೊಬ್ಬರೂ.